ವಿಜಯಪುರದ ಬಿಸಿಲಿಗೆ ತಾರಸಿ ತೋಟದ ಕಿಟ್: ಎರಡು ಬೇಸಿಗೆ ಬಳಸಿದ ಮೇಲೆ

ಕಳೆದ ವರ್ಷ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದ ಮರುವಾರ, ಆನ್‌ಲೈನ್‌ನಲ್ಲಿ 3,450 ರೂಪಾಯಿ ಕೊಟ್ಟು ತಾರಸಿ ತೋಟದ ಕಿಟ್ ಒಂದನ್ನು ತರಿಸಿಕೊಂಡೆ. ಅದನ್ನು ಎರಡು ಬೇಸಿಗೆ, ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಂಥ ಕಿಟ್‌ಗಳ ಬಗ್ಗೆ ನಾನು ಕೊಳ್ಳುವ ಮೊದಲು ಓದಿದ ಅಭಿಪ್ರಾಯಗಳೆಲ್ಲ ಪೆಟ್ಟಿಗೆ ಬಿಚ್ಚಿದ ದಿನವೋ ಮೊದಲ ಮೊಳಕೆ ಕಂಡ ವಾರವೋ ಬರೆದವುಗಳಾಗಿದ್ದವು. ವಿಜಯಪುರದಲ್ಲಾದರೆ ಏಪ್ರಿಲ್ ಕಳೆಯದೆ ಕೈತೋಟದ ಯಾವ ವಸ್ತುವಿನ ಗುಣವೂ ತಿಳಿಯುವುದಿಲ್ಲ. ಮಾರಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಹೆಚ್ಚು ಕಡಿಮೆ ಇದೇ ಸಾಮಾನುಗಳ ಪೆಟ್ಟಿಗೆಯನ್ನು ಬೇರೆ ಬೇರೆ ಹೆಸರಿನಲ್ಲಿ ಹಲವರು ಮಾರುತ್ತಾರೆ, ನನ್ನ ತಕರಾರು ಪೆಟ್ಟಿಗೆಯನ್ನು ಯೋಜಿಸಿದ ಬಗೆಯ ಮೇಲೆಯೇ ಹೊರತು ಒಬ್ಬ ವ್ಯಾಪಾರಿಯ ಮೇಲಲ್ಲ. ಆ ತಕರಾರು ಇಷ್ಟೇ: ನಮ್ಮಂಥ ಬಿಸಿಲಿನ ಸೀಮೆಗೆ ಎಲ್ಲಕ್ಕಿಂತ ಮೊದಲು ಬೇಕಾದ ನೆರಳು ಪರದೆಯೇ ಅದರೊಳಗೆ ಇಲ್ಲ, ಇರುವ ವಸ್ತುಗಳಲ್ಲಿ ಅರ್ಧದಷ್ಟು ಮಾತ್ರ ಕೊಟ್ಟ ಹಣಕ್ಕೆ ತಕ್ಕವು.

ಪೆಟ್ಟಿಗೆಯಲ್ಲಿ 12 ಅಂಗುಲ ಅಗಲ, 12 ಅಂಗುಲ ಎತ್ತರದ ಹನ್ನೆರಡು ಗ್ರೋ ಬ್ಯಾಗ್‌ಗಳು (ಗಿಡ ಬೆಳೆಸುವ ಚೀಲಗಳು), 5 ಕಿಲೋ ತೂಕದ ಎರಡು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಗಳು, 10 ಕಿಲೋ ಎರೆಗೊಬ್ಬರ, 1 ಕಿಲೋ ಬೇವಿನ ಹಿಂಡಿ, ಸಣ್ಣ ಬಾಟಲಿ ಬೇವಿನ ಎಣ್ಣೆ, ಹನ್ನೆರಡು ಡ್ರಿಪ್ಪರ್‌ಗಳಿರುವ ಹನಿ ನೀರಾವರಿ ಪೈಪು, ಹತ್ತು ಬಗೆಯ ಬೀಜದ ಪೊಟ್ಟಣ, ಒಂದು ಕೈಗುದ್ದಲಿ ಹಾಗೂ ಒಂದು ಕಿರುಹೊತ್ತಿಗೆ ಇದ್ದವು. ಮುಚ್ಚಳದ ಮೇಲೆ ‘ಸಂಪೂರ್ಣ’ ಎಂಬ ಮಾತು ದೊಡ್ಡದಾಗಿ ಅಚ್ಚಾಗಿತ್ತು. ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ಈ ಅಳತೆಯ ಒಂದು ಚೀಲಕ್ಕೆ ಸುಮಾರು 22 ಲೀಟರ್ ಮಿಶ್ರಣ ಹಿಡಿಯುತ್ತದೆ, ಹನ್ನೆರಡಕ್ಕೆ 260 ಲೀಟರ್‌ಗೂ ಹೆಚ್ಚು ಬೇಕು. 5 ಕಿಲೋದ ಇಟ್ಟಿಗೆ ನೀರು ಕುಡಿದು ಉಬ್ಬಿದರೆ 70ರಿಂದ 75 ಲೀಟರ್ ಆಗುತ್ತದೆ. ಎರಡು ಇಟ್ಟಿಗೆಗಳಿಗೆ ಎರೆಗೊಬ್ಬರವನ್ನು ಸೇರಿಸಿದರೂ 165 ಲೀಟರ್ ದಾಟುವುದಿಲ್ಲ. ಅಂದರೆ ಹನ್ನೆರಡು ಚೀಲ ಕೊಟ್ಟವರು ಏಳೂವರೆ ಚೀಲ ತುಂಬುವಷ್ಟು ಮಾತ್ರ ಸಾಮಗ್ರಿ ಕೊಟ್ಟಿದ್ದಾರೆ, ಉಳಿದದ್ದನ್ನು ಕೊಳ್ಳುವವರೇ ಹೊಂದಿಸಿಕೊಳ್ಳಬೇಕು.

ಚೀಲಗಳ ಗುಣಮಟ್ಟ ಚೆನ್ನಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್‌ನಿಂದ ನೇಯ್ದ ಬಟ್ಟೆಯ, ನೇರಳಾತೀತ ಕಿರಣ ತಡೆಯುವ ಲೇಪವಿರುವ ಈ ಚೀಲಗಳು ಎರಡು ಬೇಸಿಗೆಯ ನಂತರವೂ ಹರಿದಿಲ್ಲ, ಹಿಡಿಕೆಯ ಹೊಲಿಗೆ ಒಂದರಲ್ಲಿ ಮಾತ್ರ ಬಿಚ್ಚಿದೆ. ಪಕ್ಕದ ಮನೆಯವರು ಅಗ್ಗವೆಂದು ತಂದ ತೆಳು ಪ್ಲಾಸ್ಟಿಕ್ ಚೀಲಗಳು ಒಂದೇ ಬೇಸಿಗೆಗೆ ಹಪ್ಪಳದಂತೆ ಮುರಿದದ್ದನ್ನು ನೋಡಿದ್ದೇನೆ. ಆದರೆ ಚೀಲದ ಬಣ್ಣ ಗಾಢ ಹಸಿರು. ಮೊದಲ ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಅಂಚಿನ ಚೀಲದೊಳಗೆ, ಬದಿಯಿಂದ ಎರಡು ಅಂಗುಲ ಒಳಗೆ, ಥರ್ಮಾಮೀಟರ್ ಚುಚ್ಚಿ ನೋಡಿದಾಗ 46 ಡಿಗ್ರಿ ತೋರಿಸಿತು. ಗಾಳಿಯ ಉಷ್ಣತೆ ಆಗ 41 ಡಿಗ್ರಿಯಿತ್ತು. ನೀರು ಹಾಕಿದರೂ ಗಿಡ ಮಧ್ಯಾಹ್ನ ಬಾಡಿ ನಿಲ್ಲುತ್ತಿದ್ದುದರ ಕಾರಣ ಆಗ ತಿಳಿಯಿತು: ಬೇರುಗಳು ಬಾಯಾರಿರಲಿಲ್ಲ, ಬೇಯುತ್ತಿದ್ದವು. ಆ ಗಿಡವನ್ನು ಕಿತ್ತಾಗ ಪಶ್ಚಿಮದ ಬದಿಯ ಬೇರುಗಳೆಲ್ಲ ಕಂದಾಗಿ ಸತ್ತಿದ್ದವು, ಪೂರ್ವದವು ಬೆಳ್ಳಗಿದ್ದವು. ಈಗ ಚೀಲಗಳನ್ನು ಒಂದಕ್ಕೊಂದು ತಾಗುವಂತೆ ಎರಡು ಸಾಲಿನಲ್ಲಿಟ್ಟು, ಬಿಸಿಲು ಬೀಳುವ ಹೊರಬದಿಗೆ ಹಳೆಯ ಗೋಣಿತಟ್ಟನ್ನು ಸುತ್ತಿದ್ದೇನೆ. ಕೆಳಗೆ ಇಟ್ಟಿಗೆ ಇಟ್ಟು ಕಾದ ಸ್ಲ್ಯಾಬಿನಿಂದ ನಾಲ್ಕು ಅಂಗುಲ ಎತ್ತರಿಸಿದ್ದೇನೆ. ಚೀಲದ ಹೊರಮೈಯನ್ನು ಬಿಳಿ ಬಣ್ಣದಲ್ಲಿ ಮಾಡಿದ್ದರೆ ಈ ಗೋಣಿತಟ್ಟಿನ ಉಸಾಬರಿಯೇ ಇರುತ್ತಿರಲಿಲ್ಲ. ಬಿಳಿ ಚೀಲಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಅವುಗಳ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇಲ್ಲ.

ಕೊಕೊಪೀಟ್ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ತೆಂಗಿನ ನಾರಿನ ಈ ಪುಡಿ ಹಗುರ, ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ, ತಾರಸಿಗೆ ಭಾರವಾಗುವುದಿಲ್ಲ, ಇವೆಲ್ಲ ನಿಜ. ಆದರೆ ಸರಿಯಾಗಿ ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಹೆಚ್ಚಿರುತ್ತದೆ, ಮೊದಲ ಬಾರಿ ನೆನೆಸಿದ ನೀರನ್ನು ಬಸಿದು ಚೆಲ್ಲಿ ಎರಡು ಮೂರು ಸಲ ತೊಳೆಯಬೇಕೆಂಬ ಒಂದು ಸಾಲನ್ನೂ ಕಿರುಹೊತ್ತಿಗೆಯಲ್ಲಿ ಬರೆದಿರಲಿಲ್ಲ. ಇದಕ್ಕೆ ನಮ್ಮ ಕೊಳವೆಬಾವಿಯ ನೀರು ಜೊತೆಗೂಡಿತು. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರನ್ನು ಗೆಳೆಯರಿಂದ ತಂದು ಅಳೆದಾಗ ಲೀಟರ್‌ಗೆ 1,400 ಮಿಲಿಗ್ರಾಂ ಆಸುಪಾಸು ತೋರಿಸಿದ ಆ ಸವಳು ನೀರನ್ನು ದಿನಾಲೂ ಹಾಕುತ್ತ ಹೋದಂತೆ ಬಿಸಿಲಿಗೆ ನೀರು ಆರಿ ಉಪ್ಪು ಉಳಿದು, ಎರಡು ತಿಂಗಳಲ್ಲಿ ಮಿಶ್ರಣದ ಮೇಲೆ ಬಿಳಿ ಪದರು ಕಟ್ಟಿತು, ಎಲೆಗಳ ಅಂಚು ಸುಟ್ಟಂತಾಯಿತು. ನಾನು ಮೊದಲು ಅದನ್ನು ರೋಗವೆಂದೇ ತಿಳಿದು ಬೇವಿನ ಎಣ್ಣೆ ಸಿಂಪಡಿಸುತ್ತಿದ್ದೆ. ನಲ್ಲಿಯಲ್ಲಿ ಕೃಷ್ಣೆಯ ನೀರು ಬಂದ ದಿನ ಒಂದೊಂದು ಚೀಲಕ್ಕೂ ಎರಡು ಕೊಡ ಹೊಯ್ದು, ತಳದಿಂದ ಹರಿದುಹೋಗುವ ತನಕ ಬಿಟ್ಟ ಮೇಲೆ ಹೊಸ ಎಲೆಗಳು ಹಸಿರಾಗಿ ಬಂದವು. ಈಗ ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡುತ್ತೇನೆ, ಮಳೆಗಾಲದಲ್ಲಿ ಮಳೆಯೇ ಈ ಕೆಲಸವನ್ನು ಮಾಡುತ್ತದೆ. ಕುಡಿಯುವ ನೀರು ಶುದ್ಧಮಾಡುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ವ್ಯರ್ಥವಾಗಬಾರದೆಂದು ಗಿಡಕ್ಕೆ ಹಾಕುವವರು ನಮ್ಮ ಓಣಿಯಲ್ಲಿಯೇ ಇದ್ದಾರೆ. ಅದರಲ್ಲಿ ಮೂಲ ನೀರಿಗಿಂತಲೂ ಹೆಚ್ಚು ಉಪ್ಪು ಸಾಂದ್ರವಾಗಿರುತ್ತದೆ, ಅದು ಪಾತ್ರೆ, ಅಂಗಳ ತೊಳೆಯಲು ಸರಿ.

ಕಡಿಮೆ ಬಿದ್ದ ನೂರು ಲೀಟರ್ ಮಿಶ್ರಣಕ್ಕೆ ಊರ ಹೊಲದ ಎರೆ ಮಣ್ಣನ್ನು (ಜಿಗುಟಾದ ಕಪ್ಪು ಮಣ್ಣು) ತಂದು ತುಂಬಿದ್ದು ನನ್ನದೇ ತಪ್ಪು. ಜೋಳಕ್ಕೂ ಕಡಲೆಗೂ ಬಂಗಾರದಂಥ ಆ ಮಣ್ಣು ಚೀಲದೊಳಗೆ ಬೇರೆಯೇ ಸ್ವಭಾವ ತೋರಿಸುತ್ತದೆ: ಒದ್ದೆಯಾದಾಗ ಉಬ್ಬಿ ಗಾಳಿಯಾಡದಂತೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಚೀಲದ ಬದಿಯನ್ನು ಬಿಟ್ಟು ನಿಲ್ಲುತ್ತದೆ, ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಇಳಿದು ಹೊರಗೆ ಹೋಗಿ ಬೇರು ಒಣಗಿಯೇ ಇರುತ್ತದೆ. ಭಾರವೂ ಹೆಚ್ಚು, ಕೊಕೊಪೀಟ್ ತುಂಬಿದ ಚೀಲವನ್ನು ನೀರು ಹಾಕಿದ ಮೇಲೂ ಒಬ್ಬರೇ ಸರಿಸಬಹುದು, ಎರೆ ಮಣ್ಣು ತುಂಬಿದ್ದನ್ನು ಇಬ್ಬರು ಹಿಡಿದರೂ ಕಷ್ಟ. ಹಳೆಯ ಮಣ್ಣಿನ ಮಾಳಿಗೆಯ ಮನೆಯವರು ಇಂಥ ಸಾಹಸಕ್ಕೆ ಇಳಿಯಲೇಬಾರದು. ಐದರಲ್ಲಿ ಒಂದು ಪಾಲು ಎರೆ ಮಣ್ಣು, ಎರಡು ಪಾಲು ತೊಳೆದ ಕೊಕೊಪೀಟ್, ಒಂದೂವರೆ ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಅರ್ಧ ಪಾಲು ದಪ್ಪ ಮರಳು, ಚೀಲಕ್ಕೊಂದು ಮುಷ್ಟಿ ಬೇವಿನ ಹಿಂಡಿ: ಈ ಅಳತೆ ಈಗ ನನಗೆ ಒಗ್ಗಿದೆ. ಮೇಲೆ ಎರಡು ಅಂಗುಲ ಶೇಂಗಾ ಸಿಪ್ಪೆ ಹೊದಿಸುತ್ತೇನೆ. ಕಬ್ಬಿನ ರವದಿಯೂ (ಒಣ ಎಲೆ) ಆಗಬಹುದು, ಆದರೆ ತಾರಸಿಯ ಗಾಳಿಗೆ ಅದು ಹಾರಿ ಓಣಿಯವರ ಅಂಗಳ ಸೇರುತ್ತದೆ.

ಇನ್ನು ಕಿರುಹೊತ್ತಿಗೆಯ ವಿಷಯ. ಬೀಜಗಳನ್ನು ವರ್ಷದ ಯಾವ ಕಾಲದಲ್ಲಾದರೂ ಬಿತ್ತಬಹುದು, ಚೀಲಗಳನ್ನು ದಿನಕ್ಕೆ 6ರಿಂದ 8 ತಾಸು ನೇರ ಬಿಸಿಲು ಬೀಳುವಲ್ಲಿ ಇಡಬೇಕು ಎಂದು ಅದು ಹೇಳುತ್ತದೆ. ಬೆಂಗಳೂರಿನ ಬಾಲ್ಕನಿಗೆ ಈ ಮಾತು ಸರಿಯಿರಬಹುದು. ನಾನು ಅದನ್ನು ನಂಬಿ ಫೆಬ್ರವರಿಯ ಮೊದಲ ವಾರ ಟೊಮೆಟೊ ಸಸಿಮಾಡಿ, ತಿಂಗಳ ಕೊನೆಗೆ ನಾಲ್ಕು ಚೀಲಗಳಲ್ಲಿ ನೆಟ್ಟೆ. ಗಿಡಗಳು ಸೊಗಸಾಗಿ ಬೆಳೆದವು, ಯುಗಾದಿಯ ಹೊತ್ತಿಗೆ ಹೂ ತುಂಬಿದವು, ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಒಂದು ಹೂವೂ ಉಳಿಯದೆ ಉದುರಿದವು. ನಾಲ್ಕು ಗಿಡಗಳಿಂದ ಆ ಬೇಸಿಗೆಯಲ್ಲಿ ನಮಗೆ ಸಿಕ್ಕದ್ದು ಏಳು ಕಾಯಿ, ಅವುಗಳಲ್ಲಿ ಮೂರರ ಬುಡ ಕಪ್ಪಾಗಿತ್ತು. ಇದರಲ್ಲಿ ರಹಸ್ಯವೇನೂ ಇಲ್ಲ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿ, ರಾತ್ರಿಯೂ 24 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಂಡು ಕಾಯಿ ಕಟ್ಟುವುದಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಎರಡೂ ಆಗುತ್ತವೆ. ಕಾಯಿಯ ಬುಡ ಕಪ್ಪಾಗುವುದಂತೂ ರೋಗಾಣುವಿನ ಕೆಲಸವಲ್ಲ, ಒಮ್ಮೆ ಒಣಗಿಸಿ ಒಮ್ಮೆ ತೋಯಿಸುವ ಏರುಪೇರಿನಲ್ಲಿ ಕಾಯಿಗೆ ಸುಣ್ಣದಂಶ ತಲುಪದೆ ಆಗುವ ತೊಂದರೆ. ಕಿರುಹೊತ್ತಿಗೆ ಅದನ್ನು ರೋಗಗಳ ಪುಟದಲ್ಲಿ ಹಾಕಿ ಬೇವಿನ ಎಣ್ಣೆ ಸೂಚಿಸಿದೆ. ಸೆಪ್ಟೆಂಬರ್ ಮೊದಲಿಗೆ ಅದೇ ಪೊಟ್ಟಣದ ಉಳಿದ ಬೀಜಗಳನ್ನೇ ಸಸಿಮಾಡಿ ನೆಟ್ಟಾಗ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮನೆಗೆ ಸಾಕಾಗಿ ನೆರೆಮನೆಗೂ ಕೊಡುವಷ್ಟು ಹಣ್ಣು ಬಂತು. ಬೀಜದ್ದಾಗಲೀ ಗೊಬ್ಬರದ್ದಾಗಲೀ ದೋಷವಿರಲಿಲ್ಲ, ತಿಂಗಳದ್ದಿತ್ತು.

ನೆರಳು ಪರದೆಯನ್ನು ನಾನು ಮೊದಲ ಬೇಸಿಗೆಯ ಕೊನೆಗೆ, ಅರ್ಧ ತೋಟ ಕಳೆದುಕೊಂಡ ಮೇಲೆ, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಹತ್ತಿರದ ಅಂಗಡಿಯೊಂದರಿಂದ ತಂದೆ. ಅಂಗಡಿಯಾತ ಬಿಸಿಲು ಜಾಸ್ತಿಯೆಂದು ಶೇಕಡಾ 75ರ ಪರದೆಯನ್ನೇ ಕೊಡಲು ಬಂದರು; ನಾನು ಶೇಕಡಾ 50ರದ್ದನ್ನು ಕೇಳಿ ತಂದದ್ದು ಒಳ್ಳೆಯದಾಯಿತು. ಪರದೆಯ ಶೇಕಡಾವಾರು ಸಂಖ್ಯೆ ಅದು ತಡೆಯುವ ಬೆಳಕನ್ನು ಹೇಳುತ್ತದೆ, 75ರ ಕೆಳಗೆ ಅಲಂಕಾರದ ಗಿಡ ಬದುಕೀತೇ ಹೊರತು ಬೆಂಡೆ, ಚವಳಿಕಾಯಿ (ಗೋರಿಕಾಯಿ) ಕಾಯಿಬಿಡುವುದಿಲ್ಲ. ಏಳು ಅಡಿ ಎತ್ತರದ ನಾಲ್ಕು ಪೈಪುಗಳ ಮೇಲೆ ಅದನ್ನು ಕಟ್ಟಿ, ಪಶ್ಚಿಮದ ಬದಿಗೆ ಮೂರು ಅಡಿ ಇಳಿಬಿಟ್ಟು, ಉಳಿದ ಬದಿಗಳನ್ನು ಗಾಳಿಗೆ ತೆರೆದಿಟ್ಟಿದ್ದೇನೆ. ಈ ಏಪ್ರಿಲ್‌ನಲ್ಲಿ ಅದೇ ಜಾಗದ ಚೀಲದಲ್ಲಿ, ಅದೇ ಹೊತ್ತಿಗೆ, ಥರ್ಮಾಮೀಟರ್ 36 ಡಿಗ್ರಿ ತೋರಿಸಿತು. ಗೋಣಿತಟ್ಟು, ಶೇಂಗಾ ಸಿಪ್ಪೆಗಳ ಪಾಲೂ ಅದರಲ್ಲಿದೆ. ದಿನಕ್ಕೆ ಬೇಕಾಗುತ್ತಿದ್ದ ನೀರು ಮೂರರಲ್ಲಿ ಒಂದು ಭಾಗದಷ್ಟು ಇಳಿಯಿತು. ಪರದೆ ಕಟ್ಟುವಾಗ ಒಂದು ವಿಷಯವನ್ನು ನೆನಪಿಡಬೇಕು: ಮೇ ತಿಂಗಳ ಸಂಜೆ ಏಳುವ ಗಾಳಿ ಮಳೆಗೆ ಬಿಗಿಯಾಗಿ ಕಟ್ಟಿದ ಪರದೆ ಹಾಯಿಯಂತೆ ಉಬ್ಬಿ ಪೈಪನ್ನೇ ಕಿತ್ತೆಳೆಯುತ್ತದೆ. ಒಂದು ಬದಿಗೆ ಎಳೆದರೆ ಬಿಚ್ಚುವ ಸರಗಂಟು ಹಾಕಿ, ಮೋಡ ಕಟ್ಟಿದ ಕೂಡಲೇ ಸುತ್ತಿಡುವುದು ಸುರಕ್ಷಿತ. ಮೃಗಶಿರಾ ಮಳೆ ಹಿಡಿದ ಮೇಲೆ ಪರದೆಯನ್ನು ಪೂರ್ತಿ ತೆಗೆದುಬಿಡಬೇಕು, ಇಲ್ಲದಿದ್ದರೆ ಮೋಡದ ಬೆಳಕಿನಲ್ಲಿ ಗಿಡಗಳು ಸೊರಗಿ ಉದ್ದವಾಗುತ್ತವೆ. ಪರದೆ, ಪೈಪು, ಹಗ್ಗ ಸೇರಿ ನನಗೆ 1,900 ರೂಪಾಯಿ ಆಯಿತು, ಇಡೀ ತೋಟಕ್ಕೆ ಖರ್ಚು ಮಾಡಿದ್ದರಲ್ಲಿ ಇದರಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ಹನಿ ನೀರಾವರಿಯ ಪೈಪು ಕಿಟ್‌ನ ಎರಡನೆಯ ಒಳ್ಳೆಯ ವಸ್ತು, ಆದರೆ ಅದರ ಮೇಲಿನ ಬರಹವನ್ನು ನಂಬಬಾರದು. ಒಂದೊಂದು ಡ್ರಿಪ್ಪರ್ ತಾಸಿಗೆ 4 ಲೀಟರ್ ಕೊಡುತ್ತದೆ ಎಂದು ಬರೆದಿದೆ. ಅದು 10 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ, ಅಂದರೆ 1 ಬಾರ್‌ಗೆ, ಸಲ್ಲುವ ಲೆಕ್ಕ. ತಾರಸಿಯಲ್ಲಿ ಇಟ್ಟಿಗೆ ಪೇರಿಸಿ 1 ಮೀಟರ್ ಎತ್ತರಕ್ಕೆ ಡ್ರಮ್ ಇಟ್ಟರೆ ಒತ್ತಡ ಹತ್ತನೆಯ ಒಂದು ಪಾಲು, ಸಾದಾ ಡ್ರಿಪ್ಪರ್‌ನಿಂದ ಬರುವ ನೀರು ಸುಮಾರು ಮೂರನೆಯ ಒಂದು ಪಾಲು. ಸ್ಟೀಲ್ ಲೋಟ ಇಟ್ಟು ಕಾಲು ತಾಸು ಹಿಡಿದಾಗ ಮೊದಲ ಡ್ರಿಪ್ಪರ್‌ನಲ್ಲಿ 320 ಮಿಲಿಲೀಟರ್, ಕೊನೆಯದರಲ್ಲಿ 210 ಮಿಲಿಲೀಟರ್ ಬಂತು. ಕಾಯಿಬಿಡುವ ಬೆಂಡೆ ಗಿಡಕ್ಕೆ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಲೀಟರ್‌ಗೆ ಕಡಿಮೆಯಾದರೆ ನಡೆಯದು, ಆದ್ದರಿಂದ ಬೆಳಿಗ್ಗೆ ಆರಕ್ಕೆ ಒಂದು ತಾಸು, ಸಂಜೆ ಆರರ ಮೇಲೆ ಒಂದು ತಾಸು ಬಿಡುತ್ತೇನೆ; ಸಾಲಿನ ಕೊನೆಯ ಚೀಲಗಳಲ್ಲಿ ಕಡಿಮೆ ನೀರು ಕೇಳುವ ಪುಂಡಿ ಸೊಪ್ಪು, ಚವಳಿಕಾಯಿಗಳನ್ನು ಇಟ್ಟಿದ್ದೇನೆ. ಎತ್ತರ ಮತ್ತು ಒತ್ತಡದ ಈ ಸಂಬಂಧ ನಮ್ಮ ಊರಿಗೆ ಹೊಸದಲ್ಲ: ಆದಿಲ್‌ಶಾಹಿಗಳ ಕಾಲದಲ್ಲಿ ಕೊಳವೆಯ ನೀರಿನ ಒತ್ತಡವನ್ನು ಹದಗೊಳಿಸಲು ಕಟ್ಟಿದ ಗಂಜ್ ಗೋಪುರಗಳು ಇಂದಿಗೂ ನಗರದಲ್ಲಿ ನಿಂತಿವೆ. ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ನೀರು ಬಿಡಬಾರದು, ಕಪ್ಪು ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾದಿರುತ್ತದೆ. ಸವಳು ನೀರಿಗೆ ಡ್ರಿಪ್ಪರ್‌ಗಳ ಬಾಯಿ ತಿಂಗಳಿಗೊಮ್ಮೆ ಸುಣ್ಣಗಟ್ಟುತ್ತದೆ. ಅವುಗಳನ್ನು ಬಿಚ್ಚಿ ಲಿಂಬೆರಸ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಸ್ವಚ್ಛವಾಗುತ್ತವೆ, ಇಂಡಿ ತಾಲ್ಲೂಕಿನ ಲಿಂಬೆ ಪಕ್ಕದಲ್ಲೇ ಇರುವ ನಮಗೆ ಅದೊಂದು ಅನುಕೂಲ.

ಬೀಜಗಳ ಪೊಟ್ಟಣಗಳೇ ಕಿಟ್‌ನ ಅತ್ಯಂತ ದುರ್ಬಲ ಭಾಗ. ಹತ್ತರಲ್ಲಿ ದಪ್ಪ ಮೆಣಸಿನಕಾಯಿ, ಲೆಟ್ಯೂಸ್, ಬೀನ್ಸ್ ಎಂಬ ಮೂರು ತಂಪು ಹವೆಯ ಬೆಳೆಗಳು. ಯಾವ ಪೊಟ್ಟಣದ ಮೇಲೂ ತಳಿಯ ಹೆಸರಿರಲಿಲ್ಲ, ಮೊಳಕೆ ಪ್ರಮಾಣವಿರಲಿಲ್ಲ, ಪರೀಕ್ಷೆಯ ದಿನಾಂಕವಿರಲಿಲ್ಲ. 1966ರ ಬೀಜ ಕಾಯ್ದೆಯ ಪ್ರಕಾರ ಅಧಿಸೂಚಿತ ತಳಿಯ ಬೀಜವನ್ನು ಮಾರುವವರು ಈ ವಿವರಗಳನ್ನು ಚೀಟಿಯಲ್ಲಿ ಮುದ್ರಿಸಲೇಬೇಕು. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮೊಳಕೆ ಟೊಮೆಟೊಗೆ ಶೇಕಡಾ 70, ಬೆಂಡೆಗೆ 65, ಮೆಣಸಿನಕಾಯಿಗೆ 60 ಇರಬೇಕೆಂದು ನಿಯಮವಿದೆ. ಒದ್ದೆ ಬಟ್ಟೆಯಲ್ಲಿ ಇಪ್ಪತ್ತಿಪ್ಪತ್ತು ಬೀಜ ಕಟ್ಟಿ ನೋಡಿದಾಗ ಟೊಮೆಟೊ ಹದಿನೈದು, ಬೆಂಡೆ ಒಂಬತ್ತು, ಮೆಣಸಿನಕಾಯಿ ಆರು ಮೊಳೆತವು. ಎರಡನೆಯ ಬೇಸಿಗೆಗೆ ಬೀಜಗಳನ್ನು ಬೇರೆಯೇ ಕೊಂಡೆ. ಬೆಂಡೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಸರಿಯಾಯಿತು, ಎಲೆಯ ನರಗಳು ಹಳದಿಯಾಗುವ ನಂಜುರೋಗವನ್ನು ತಡೆಯಲೆಂದು ರೂಪಿಸಿದ ತಳಿ ಅದು, ಸಂಕರ (ಹೈಬ್ರಿಡ್) ಅಲ್ಲದ್ದರಿಂದ ಬಲಿತ ಕಾಯಿಯ ಬೀಜವನ್ನು ಮುಂದಿನ ವರ್ಷಕ್ಕೂ ಇಡಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುದುಡು ನಂಜು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಈ ಮೂರನ್ನೂ ತಡೆಯುವ ತಳಿ. ಆದರೆ ಅದು ಸಂಕರ, ಬೀಜ ಉಳಿಸಿಟ್ಟು ಪ್ರಯೋಜನವಿಲ್ಲ.

ಪೊಟ್ಟಣಗಳನ್ನು ನೋಡಿದ ನಮ್ಮ ಅವ್ವ ಮೊದಲು ಕೇಳಿದ್ದು ಪುಂಡಿ ಎಲ್ಲಿ ಎಂದು. ಪುಂಡಿ, ರಾಜಗಿರಿ, ಸಬ್ಬಸಗಿ, ಹಕ್ಕರಕಿ, ಮುಳಗಾಯಿ (ಬದನೆಕಾಯಿ), ಚವಳಿಕಾಯಿ, ಹೀರೇಕಾಯಿ ಇವುಗಳಲ್ಲಿ ಮುಳಗಾಯಿಯನ್ನು ಬಿಟ್ಟರೆ ಒಂದೂ ಪೆಟ್ಟಿಗೆಯಲ್ಲಿರಲಿಲ್ಲ, ಅದೂ ಎಣ್ಣೆಗಾಯಿಗೆ ಬರುವ ಸಣ್ಣ ಮುಳ್ಳಿನ ತಳಿಯಲ್ಲ, ಉದ್ದನೆಯ ನೇರಳೆ. ಅವ್ವ ತವರೂರಿನಿಂದ ತರಿಸಿದ ಪುಂಡಿ ಬೀಜ ಮಾರ್ಚ್ ಮಧ್ಯದಲ್ಲಿ ಬಿತ್ತಿದ್ದು, ಪರದೆಯ ಹೊರಗೆ, ಬರಿ ಬಿಸಿಲಿನಲ್ಲಿ, ಎಲ್ಲ ಗಿಡಗಳೂ ತಲೆ ಬಾಗಿಸಿದ ಮಧ್ಯಾಹ್ನದಲ್ಲಿಯೂ ನೆಟ್ಟಗೆ ನಿಂತಿತ್ತು. ಚವಳಿಕಾಯಿ ಐವತ್ತನೆಯ ದಿನಕ್ಕೆ ಕೊಯ್ಲಿಗೆ ಬಂತು. ರಾಜಗಿರಿಯನ್ನು ಪರದೆಯ ಕೆಳಗೆ ಹದಿನೈದು ದಿನಕ್ಕೊಂದು ಚೀಲದಂತೆ ಬಿತ್ತಿದರೆ ಬೇಸಿಗೆಯುದ್ದಕ್ಕೂ ರೊಟ್ಟಿಗೆ ಪಲ್ಯ ತಪ್ಪುವುದಿಲ್ಲ. ಮೆಂತ್ಯ ಮತ್ತು ಕೊತ್ತಂಬರಿ ಮಾತ್ರ ಹೋಳಿ ಹುಣ್ಣಿಮೆಯ ನಂತರ ನನ್ನಲ್ಲಿ ಒಮ್ಮೆಯೂ ಸರಿಯಾಗಿ ಬರಲಿಲ್ಲ.

ಉಳಿದ ವಸ್ತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇವಿನ ಎಣ್ಣೆ ಲೀಟರ್ ನೀರಿಗೆ 5 ಮಿಲಿಲೀಟರ್, ಜೊತೆಗೆ ಒಂದಿಷ್ಟು ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿದರೆ ಬಿಳಿ ನೊಣಕ್ಕೆ ಸಾಕಷ್ಟು ಕೆಲಸ ಮಾಡಿತು. ಬೆಂಡೆಯ ಎಲೆಯಡಿಯ ನುಸಿಗೆ ಬೆಳಗಿನ ಹೊತ್ತು ಬರಿ ನೀರನ್ನು ರಭಸವಾಗಿ ಹೊಡೆದದ್ದೇ ಹೆಚ್ಚು ಉಪಯೋಗಕ್ಕೆ ಬಂತು. ಕೈಗುದ್ದಲಿಯ ಹಿಡಿ ಮೊದಲ ತಿಂಗಳಲ್ಲೇ ಕಳಚಿತು. ಟೊಮೆಟೊ ಹೂ ಉದುರಿದ ಬಗ್ಗೆ ಮಾರಾಟಗಾರರಿಗೆ ಬರೆದಾಗ ಮೂರನೆಯ ದಿನ ಸೌಜನ್ಯದ ಉತ್ತರ ಬಂತು, ಪರಿಹಾರವೆಂದು ಮತ್ತೊಂದು ಟೊಮೆಟೊ ಬೀಜದ ಪೊಟ್ಟಣವೂ ಬಂತು, ಅದು ತಲುಪಿದ್ದು ಮೇ 9ರಂದು.

ಕಿಟ್ ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಚೀಲಗಳನ್ನು ಮತ್ತು ಹನಿ ನೀರಾವರಿ ಪೈಪನ್ನು ಬಿಡಿಯಾಗಿ ಕೊಳ್ಳಲು ಸಾಧ್ಯವಿದ್ದರೆ ಅವನ್ನಷ್ಟೇ ಕೊಂಡು, ಉಳಿದ ಹಣದಲ್ಲಿ ಪರದೆ ಕಟ್ಟಿ, ಗೊಬ್ಬರವನ್ನು ಊರಿನಿಂದಲೂ ಬೀಜವನ್ನು ಚೀಟಿ ಓದಿಯೂ ತರುವುದು ಲೇಸು. ಬಿಡಿಯಾಗಿ ಹೊಂದಿಸುವ ಪುರುಸೊತ್ತಿಲ್ಲದವರು ಕಿಟ್ಟನ್ನೇ ತರಿಸುವುದಾದರೆ ಜೂನ್ ಮೊದಲಿಗೆ ತರಿಸಲಿ, ಜನವರಿಯಲ್ಲಿ ಬೇಡ. ಮಳೆಗಾಲ, ಚಳಿಗಾಲಗಳಲ್ಲಿ ಕೈ ಪಳಗಿದ ಮೇಲೆ ಬೇಸಿಗೆಯನ್ನು ಎದುರಿಸುವುದು ಸುಲಭ. ಐದು ನಕ್ಷತ್ರಗಳಲ್ಲಿ ನಾನು ಎರಡೂವರೆ ಕೊಡುತ್ತೇನೆ, ಅದರಲ್ಲಿ ಒಂದೂವರೆ ಚೀಲಗಳಿಗೆ ಮತ್ತು ಒಂದು ಪೈಪಿಗೆ. ಸದ್ಯ ಹನ್ನೆರಡರಲ್ಲಿ ಒಂಬತ್ತು ಚೀಲಗಳು ತುಂಬಿವೆ. ಉಳಿದ ಮೂರನ್ನು ತೊಳೆದು ಹೊಸ ಮಿಶ್ರಣ ತುಂಬಿ, ಹೀರೇಕಾಯಿ ಬೀಜವನ್ನು ರಾತ್ರಿ ನೆನೆಹಾಕಿದ್ದೇನೆ, ಪರದೆಯ ಪೈಪುಗಳೇ ಈಗ ಅದರ ಬಳ್ಳಿಗೆ ಚಪ್ಪರವಾಗಲಿವೆ.